ಕತ್ತರಿ ಹಾಕದ ಮಾತು

ನಮ್ಮ ಐನ್ ಜುಮೈಝ್ ಊರಿನಲ್ಲಿ ಯಾರು ಯಾವ ಪಕ್ಷ ಎಂದು ಕೇಳಬೇಕಾಗಿಲ್ಲ. ಸಂಜೆ ಸುದ್ದಿಯ ಹೊತ್ತಿಗೆ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಯಾವ ಕಿಟಕಿಯಿಂದ ಯಾವ ವಾಹಿನಿಯ ಸಂಗೀತ ಕೇಳುತ್ತದೋ, ಆ ಮನೆಯ ಓಟು ಆ ಪಕ್ಷಕ್ಕೆ. ಲೆಬನಾನಿನಲ್ಲಿ ಪಕ್ಷಕ್ಕೊಂದು ವಾಹಿನಿ. ಹೊಗೆ ಮಾತ್ರ ಎಲ್ಲರಿಗೂ ಒಂದೇ.

ಊರ ಕೆಳಗಿನ ಕಣಿವೆಯಲ್ಲಿ ಪುರಸಭೆ ಕಸ ಸುಡುತ್ತದೆ. ಅದನ್ನು ನಿಲ್ಲಿಸಿ ಎಂದು ಕೇಳಲು ಒಂದು ಸಮಿತಿ ಹುಟ್ಟಿತು. ಅದರ ಮುಂದಾಳು ವಿದಾದ್. ಗಂಡ ತೀರಿಕೊಂಡಿದ್ದಾನೆ; ಬಟ್ಟೆ ಹೊಲಿದು ಬದುಕುತ್ತಾಳೆ. ಪುರಸಭೆ ಹಿಡಿದಿರುವ ಪಕ್ಷದ ವಾಹಿನಿ ಅವಳ ಮುಂದೆ ಮೈಕು ಹಿಡಿಯಿತು. ಅವಳು ಹೇಳಿದ್ದು: "ಪುರಸಭೆಗೆ ಬೆಂಕಿ ಹಚ್ಚೋದು ಸುಲಭ. ನಾವು ಅದಕ್ಕೆ ಬಂದಿಲ್ಲ, ಬೆಂಕಿ ಆರಿಸೋಕೆ ಬಂದಿದ್ದೀವಿ." ವಾಹಿನಿ ತೋರಿಸಿದ್ದು ಮೊದಲ ವಾಕ್ಯ ಮಾತ್ರ.

ಮರುದಿನದಿಂದ ಬೆಳಗಿನ ಕಾಫಿಗೆ ಅವಳ ಮನೆಗೆ ಯಾರೂ ಬರಲಿಲ್ಲ. ಅವಳು ಬಾಲ್ಕನಿಗೆ ಬಂದರೆ ಎದುರು ಮನೆಯವರು ಒಣಗದ ಬಟ್ಟೆಯನ್ನೂ ಒಳಗೆ ಒಯ್ಯುತ್ತಿದ್ದರು. ಹೊಲಿಗೆಗೆ ಕೊಟ್ಟಿದ್ದ ಬಟ್ಟೆಗಳನ್ನು ಒಬ್ಬೊಬ್ಬರೇ ವಾಪಸು ಕೇಳಿದರು.

ಹೀಗಿರುವಾಗ ಸಮಿತಿಯಲ್ಲಿದ್ದ ಟ್ಯಾಕ್ಸಿ ಚಾಲಕ ಗಸ್ಸಾನ್ ಒಂದು ದಿನ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಬಂದ.

"ಅಕ್ಕಾ, ಸಿಕ್ಕಿಬಿದ್ದ ನೋಡು!"

ಫೋನಿನಲ್ಲಿ ಅದೇ ವಾಹಿನಿಯ ವರದಿಗಾರ ನದೀಮ್ ಹಲ್ಲು ಕಾಣುವಂತೆ ನಗುತ್ತಿದ್ದ. ಕೂತಿದ್ದು ಅಬು ಫರೀದನ ಸಾವಿನ ಮನೆಯ ಅಂಗಳದಲ್ಲಿ. ಅಬು ಫರೀದ್ ಕೆಮ್ಮಿ ಕೆಮ್ಮಿ ಸತ್ತವನು. ಕೆಳಗೆ ಗಸ್ಸಾನ್ ಬರೆದಿದ್ದ: ಹೊಗೆಗೆ ಬಲಿಯಾದವನ ಮನೆಯಲ್ಲಿ ವಾಹಿನಿಯ ನಗು.

"ಸಾವಿನ ಮನೇಲಿ ಫೋನ್ ಹಿಡ್ಕೊಂಡು ಕೂತಿದ್ಯಾ? ನಿಮ್ಮಮ್ಮ ಇದ್ದಿದ್ರೆ ಚಪ್ಪಲಿ ತಗೊಳ್ತಿದ್ರು."

"ಚಪ್ಪಲಿ ಆಮೇಲೆ. ಮೊದಲು ಇದನ್ನ ಸಮಿತಿ ಪುಟಕ್ಕೆ ಹಾಕು."

ಸಾವಿನ ಮನೆಗೆ ಹೋಗಲು ನಮ್ಮಲ್ಲಿ ಪಕ್ಷ ಅಡ್ಡ ಬರುವುದಿಲ್ಲ. ವಿದಾದಳೂ ಹೋಗಿ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಅಬು ಫರೀದನ ಹೆಂಡತಿ ಉಮ್ಮ್ ಫರೀದ್ ಒಂದು ಕತೆ ಹೇಳಿದ್ದಳು. ಒಮ್ಮೆ ಗಂಡ ತಪ್ಪು ಮನೆಯ ಸಾವಿಗೆ ಹೋಗಿ, ಗುರುತಿಲ್ಲದವನಿಗಾಗಿ ಮನೆಯವರಿಗಿಂತ ಜಾಸ್ತಿ ಅತ್ತು, ಅವರೇ ಇವನನ್ನು ಸಮಾಧಾನ ಮಾಡಿ ಕಳಿಸಿದ್ದರಂತೆ.

"ಅವತ್ತು ಎಲ್ರೂ ನಕ್ರು ಕಣೋ. ಉಮ್ಮ್ ಫರೀದ್ ಅಳ್ತಾ ಅಳ್ತಾನೇ ನಕ್ರು. ನಾನೂ ನಕ್ಕೆ."

"ನಿನ್ನ ನಗು ಇದ್ರಲ್ಲಿಲ್ಲ. ಕತ್ತರಿಸಿದ್ದೀನಿ."

"ಬಹಳ ಉಪಕಾರ ಆಯ್ತು."

"ಅವರು ನಿಂಗೆ ಮಾಡಿದ್ದೇನು ಮತ್ತೆ? ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು."

"ತೆಗೆದ ಮೇಲೆ ಎರಡನ್ನೂ ಬಿಸಾಕ್ತಾರೆ, ಗಸ್ಸಾನ್."

ಅಷ್ಟು ಹೇಳಿದವಳು ಫೋನನ್ನು ಮಾತ್ರ ಕೆಳಗಿಡಲಿಲ್ಲ. ಅದನ್ನು ಹಾಕಿಬಿಟ್ಟರೆ ಬೆಳಗಾಗುವುದರೊಳಗೆ ಅರ್ಧ ಬೀದಿ ಅವಳ ಕಡೆ.

"ನಂಗೂ ಆಸೆ ಇದೆ ಕಣೋ," ಎಂದಳು. "ಇಷ್ಟು ದಿನ ನಾನು ಮಾತಾಡಿದ್ದು ಹೊಲಿಗೆ ಯಂತ್ರದ ಜೊತೆ. ಏನು ಕೇಳಿದ್ರೂ ಅದು ಒಂದೇ ಉತ್ತರ ಕೊಡುತ್ತೆ. ಆದ್ರೆ ಆ ಅಂಗಳದಲ್ಲಿ ಕೂತಿದ್ದೋರು ಯಾರು? ಆ ವಾಹಿನಿ ನೋಡೋರೇ. ನದೀಮ್ ಯಾಕೆ ನಕ್ಕ ಅಂತ ಅವರಿಗೆ ಗೊತ್ತು. ನಾವು ಯಾರನ್ನ ನಂಬಿಸ್ಬೇಕೋ ಅವರೇ ನಮ್ಮ ಸುಳ್ಳಿಗೆ ಸಾಕ್ಷಿ."

"ಬೈರೂತಿನೋರಿಗೆ ಗೊತ್ತಿಲ್ವಲ್ಲ."

"ಬೈರೂತಿನೋರು ಬಂದು ನಮ್ಮ ಕಸ ಹೊರ್ತಾರಾ? ಯಾರಿಗೂ ಗೊತ್ತಾಗ್ದೇ ಇದ್ರೂ, ಆ ಹೆಂಗಸು ಗಂಡನ್ನ ನೆನೆಸ್ಕೊಂಡು ನಗಿಸಿದ್ದನ್ನ ಕದ್ದು ನಾವು ಬಳಸ್ಕೊಳ್ಳೋದಾ? ಅಳಿಸು."

ಅವನು ಗೊಣಗುತ್ತಲೇ ಅಳಿಸಿದ.

"ಅವತ್ತು ಮೈಕಿನ ಮುಂದೆ ನಾನಾಡಿದ್ದನ್ನ ನೀನೂ ಪೂರ್ತಿ ವಿಡಿಯೊ ಮಾಡಿದ್ಯಲ್ಲ? ಅದನ್ನ ಹಾಕೋಣ."

ಗಸ್ಸಾನನ ಮುಖ ಸಣ್ಣದಾಯಿತು. ಆ ವಿಡಿಯೊದ ಕೊನೆಯಲ್ಲಿ ಅವನು ಆ ಪಕ್ಷಕ್ಕೆ ಓಟು ಹಾಕುವವರನ್ನೆಲ್ಲ ಕುರಿಗಳು ಎಂದು ಕರೆದಿದ್ದ.

"ಅದೊಂದು ತುಂಡು ತೆಗೆದು..."

"ಪೂರ್ತಿ ಅಂದ್ರೆ ಪೂರ್ತಿ."

ಪೂರ್ತಿ ಹಾಕಿದರು. ಕುರಿಗಳು ಎಂದದ್ದು ತಪ್ಪು, ಕ್ಷಮಿಸಿ ಎಂದು ಕೆಳಗೆ ಬರೆದರು. ತಿರುಚಿದ ಮಾತನ್ನು ಸರಿಪಡಿಸಿ ಎಂದು ವಾಹಿನಿಗೂ ಬರೆದರು. ವಾಹಿನಿ ಕೂಡಲೇ ಸ್ಪಂದಿಸಿತು: ಆ ಸಂಜೆಯೇ ಕುರಿಗಳು ಎಂದ ತುಂಡನ್ನಷ್ಟೇ ಕತ್ತರಿಸಿಕೊಂಡು ಸುದ್ದಿಯಲ್ಲಿ ತೋರಿಸಿತು.

"ನೋಡಿದ್ಯಾ ನಿನ್ನ ನ್ಯಾಯಾನ?" ಎಂದು ಗಸ್ಸಾನ್ ಫೋನಿನಲ್ಲೇ ಕೂಗಾಡಿದ. ಆಮೇಲೆ ಸಮಿತಿಯ ಉಳಿದವರಂತೆ ಅವನೂ ಬರುವುದನ್ನು ನಿಲ್ಲಿಸಿದ. ವಿದಾದ್ ಮನೆಯಲ್ಲಿ ರೇಡಿಯೊ ಹಾಕಿಟ್ಟುಕೊಂಡು ಹೊಲಿಯತೊಡಗಿದಳು. ಅದು ಹವಾಮಾನ ಹೇಳಿದರೂ ಯಾರೋ ಮನೆಗೆ ಬಂದಂತೆ ತಲೆ ಎತ್ತುತ್ತಿದ್ದಳು.

ಒಂದು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಕಪ್ಪು ಬಟ್ಟೆಯ ಉಮ್ಮ್ ಫರೀದ್ ಹೊಸ್ತಿಲಾಚೆಯೇ ನಿಂತಿದ್ದಳು.

"ಆ ನಿನ್ನ ಟ್ಯಾಕ್ಸಿಯವನು ನನ್ನನ್ನ ಕುರಿ ಅಂದ."

"ಅಂದ. ತಪ್ಪು ಅವನದೇ."

"ಟೀವೀಲಿ ನೋಡಿ ಮೈ ಉರಿದುಹೋಯ್ತು. ಇನ್ನೇನೇನು ಬೊಗಳಿದ್ದೀರೋ ನೋಡೋಣ ಅಂತ ಮೊಮ್ಮಗಳ ಫೋನಲ್ಲಿ ಪೂರ್ತಿ ನೋಡಿದೆ. ಬೆಂಕಿ ಆರಿಸೋಕೆ ಬಂದಿದ್ದೀವಿ ಅಂದಿದ್ದೀಯ."

"ಹೌದು."

"ಅದು ನಮ್ಮ ಟೀವೀಲಿ ಬರಲಿಲ್ಲ. ಕುರಿ ಅಂದಿದ್ದನ್ನ ನೀನು ತೆಗೀಬಹುದಿತ್ತು."

"ತೆಗೀಬಹುದಿತ್ತು."

"ನಾನು ವಾಹಿನಿ ಬದಲಾಯಿಸಲ್ಲ. ಓಟೂ ಬದಲಾಯಿಸಲ್ಲ. ಆದ್ರೆ ಗುರುವಾರದ ಧರಣೀಲಿ ಪುರಸಭೆ ಮುಂದೆ ನಿಲ್ತೀನಿ. ನಮ್ಮ ಯಜಮಾನ್ರ ಎದೆಯ ಎಕ್ಸ್‌ರೇ ತರ್ತೀನಿ. ನಿನ್ನ ಪಕ್ಕ ಮಾತ್ರ ನಿಲ್ಲಲ್ಲ."

"ಎಲ್ಲಾದ್ರೂ ನಿಂತ್ಕೊಳ್ಳಿ. ಹೊಗೆ ಅಲ್ಲಿಗೂ ಬರುತ್ತೆ."

ಉಮ್ಮ್ ಫರೀದಳ ತುಟಿಯಂಚು ಕದಲಿತು. ಒಳಗೆ ಬರಲಿಲ್ಲ. ಇಳಿದು ಹೋದಳು.

ಗುರುವಾರ ಅವಳು ಇಬ್ಬರು ಸೊಸೆಯರ ಜೊತೆ ಬಂದು ರಸ್ತೆಯ ಆ ಬದಿಯಲ್ಲಿ ನಿಂತಳು. ಗಸ್ಸಾನ್ ಟೋಪಿ ತೆಗೆದು ಹೋಗಿ ಕ್ಷಮೆ ಕೇಳಿದ, ಚೆನ್ನಾಗಿ ಬೈಸಿಕೊಂಡ. ವಿದಾದ್ ಈ ಬದಿಯಲ್ಲಿ ಒಬ್ಬಳೇ ನಿಂತಿದ್ದಳು. ವಾಹಿನಿಯ ಕ್ಯಾಮೆರಾ ಎರಡೂ ಬದಿ ತಿರುಗಿತು. ತನ್ನದೇ ನೋಡುಗರ ಕೈಯಲ್ಲಿದ್ದ ಎಕ್ಸ್‌ರೇಗೆ ಎಲ್ಲಿ ಕತ್ತರಿ ಹಾಕಬೇಕೆಂದು ಅದಕ್ಕೆ ತಿಳಿಯಲಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮಾತನ್ನು ಯಾರಾದರೂ ತಿರುಚಿದರೆ ಸುಮ್ಮನಿರಬೇಡಿ. ಹೆಸರು ಹಿಡಿದು ಕೇಳಿ, ಬರೆದು ಕೇಳಿ, ಮತ್ತೆ ಮತ್ತೆ ಕೇಳಿ. ನೀವಾಡಿದ್ದರ ಪೂರ್ತಿ ದಾಖಲೆ ನಿಮ್ಮ ಬಳಿಯೂ ಇರಲಿ. ಆದರೆ ಅವರ ಕತ್ತರಿಯನ್ನು ನೀವು ಕೈಗೆತ್ತಿಕೊಳ್ಳಬೇಡಿ. ನ್ಯಾಯವಾಗಿ ಆಡಿದವರಿಗೆ ಜನ ಬೇಗ ಸಿಗುವುದಿಲ್ಲ. ಕೆಲವು ದಿನ ಒಬ್ಬರೇ ನಿಲ್ಲಬೇಕಾದೀತು. ನಿಲ್ಲಿ. ರಸ್ತೆಯ ಆಚೆ ಬದಿಗೆ ಒಬ್ಬರು ಬಂದರೂ, ಅವರು ನಿಮ್ಮ ಮಾತನ್ನು ಕೊನೆಯವರೆಗೆ ಕೇಳಿಯೇ ಬಂದಿರುತ್ತಾರೆ.