ನಮ್ಮ ಹಮದಾನಿಗೆ ಒಮ್ಮೆ ಬನ್ನಿ

ಕಿಯೂಮರ್ಸನ ಹಲ್ಲುಗಳು ಹೊಸವು. ಟೆಹರಾನಿನಲ್ಲಿ ಕಟ್ಟಿಸಿಕೊಂಡು ಬಂದದ್ದು. ನಮ್ಮ ಮನೆಗೆ ಬಂದಾಗಲೆಲ್ಲ ಅವನ್ನು ತೋರಿಸಲೆಂದೇ ಒಂದು ನಗೆ ಜಾಸ್ತಿ ನಗುತ್ತಾನೆ. ಒಂದು ಕಾಲದಲ್ಲಿ ಇದೇ ಮಹಾನುಭಾವ ಇದೇ ಗೋಥೆನ್‌ಬರ್ಗಿನಲ್ಲಿ ವಲಸೆ ಕಚೇರಿಯವರ ಮುಂದೆ ಕೂತು, ಇರಾನಿನ ನೆಲಕ್ಕೆ ಕಾಲಿಟ್ಟರೆ ವಿಮಾನ ನಿಲ್ದಾಣದಲ್ಲೇ ನನಗೆ ನೇಣು ಎಂದು ಕಣ್ಣೀರು ಹಾಕಿ ಆಶ್ರಯ ಪಡೆದಿದ್ದ. ಈಗ ವರ್ಷಕ್ಕೆರಡು ಸಲ ಅದೇ ನಿಲ್ದಾಣದಲ್ಲಿಳಿದು, ಕಬಾಬು ತಿಂದು, ಹಲ್ಲು ಕಟ್ಟಿಸಿಕೊಂಡು, ಪಿಸ್ತಾ ಹೊತ್ತುಕೊಂಡು ಬರುತ್ತಾನೆ. ನೇಣು ಹಾಕುವವರಿಗೆ ಆ ದಿನಗಳಲ್ಲಿ ರಜೆ ಇರಬೇಕು.

ನಾನು, ನನ್ನ ಗಂಡ ಇಸ್ಫಂದಿಯಾರ್ ಕೂಡ ಆಶ್ರಯ ಬೇಡಿ ಬಂದವರೇ. ಆದರೆ ನಮ್ಮದು ಕಟ್ಟಿದ ಕಥೆಯಲ್ಲ. ನಾನು ಹಮದಾನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಶಿಕ್ಷಕರ ಮುಷ್ಕರದಲ್ಲಿ ಮುಂದೆ ನಿಂತೆನೆಂದು ಜೈಲಿಗೆ ಹಾಕಿದರು. ಬಿಟ್ಟರು, ಮತ್ತೆ ಹುಡುಕಿಕೊಂಡು ಬಂದರು. ಆಗ ನನ್ನ ತಂಗಿ ಫರಂಗೀಸ್ ತನ್ನ ಮನೆಯ ನೆಲಮಾಳಿಗೆಯಲ್ಲಿ, ಉಪ್ಪಿನಕಾಯಿ ಜಾಡಿಗಳ ಮಧ್ಯೆ ನನ್ನನ್ನು ಅಡಗಿಸಿಟ್ಟಳು. ಅವಳ ಗಂಡ ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ನಾವು ಬೆಟ್ಟ ದಾಟಿ ಇತ್ತ ಬಂದೆವು, ಅವಳು ಗಂಡನ ಆ ಮುಖವನ್ನು ನೋಡಿಕೊಂಡು ಅತ್ತಲೇ ಉಳಿದಳು. ಆಮೇಲೆ ನಾನು ಅವಳನ್ನು ಕಣ್ಣಾರೆ ನೋಡಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ದಿನ ಅವಳೇ ಫೋನ್ ಮಾಡಿದಳು.

"ಏನೇ ಅಕ್ಕ, ಬದುಕಿದ್ದೀಯೋ, ಹಿಮದಲ್ಲಿ ಹೂತು ಹೋದ್ಯೋ? ಕೇಳಿಲ್ಲಿ. ನನ್ನ ಯಜಮಾನ್ರು ಸಹಿ ಹಾಕಿದ್ದಾರೆ!"

ನಮ್ಮ ದೇಶದಲ್ಲಿ ಮದುವೆಯಾದ ಹೆಂಗಸು ಗಡಿ ದಾಟಬೇಕೆಂದರೆ ಗಂಡನ ಒಪ್ಪಿಗೆ ಬೇಕು. ಆ ಮಹಾಶಯ ನವರೋಜ್ ಹಬ್ಬದ ರಜೆಗೆ ಮಾತ್ರ, ಟರ್ಕಿಯ ವಾನ್ ಊರಿಗೆ ಮಾತ್ರ, ಮಕ್ಕಳ ಜೊತೆ ಹೋಗಿ ಬರಲು ಒಪ್ಪಿದ್ದ. ಯಾವ ಗಾಳಿ ಬೀಸಿತ್ತೋ ಕಾಣೆ.

"ಇನ್ನೊಂದ್ಸಲ ಹಾಕ್ತಾನೆ ಅಂತ ಕನಸು ಕಾಣ್ಬೇಡ. ಈ ಸಲ ಬರಲಿಲ್ಲ ಅಂದ್ರೆ ನಿನ್ನ ಮುಖ ನಾನು ಫೋಟೋದಲ್ಲೇ ನೋಡ್ಬೇಕು. ಬರ್ತೀಯಾ ಇಲ್ವಾ ಹೇಳು, ಸುಮ್ನೆ ರಾಗ ಎಳೀಬೇಡ."

"ಬರ್ತೀನಿ ಕಣೇ" ಎಂದೆ. ಅವಳು ಅದಕ್ಕೂ ಬೈದಳು.

ಬರುತ್ತೇನೆಂದು ಹೇಳುವುದು ಸುಲಭ, ಆದರೆ ಯಾವ ಪುಸ್ತಕ ಹಿಡಿದುಕೊಂಡು ಹೋಗುವುದು? ಇರಾನಿನ ಕೆಂಪು ಪಾಸ್‌ಪೋರ್ಟ್ ಇದ್ದರೆ ಟರ್ಕಿಗೆ ವೀಸಾ ಕೂಡ ಬೇಡ, ಸೀದಾ ಹೋಗಬಹುದು. ಇಲ್ಲಿಯವರು ನಿರಾಶ್ರಿತರಿಗೆ ಕೊಡುವ ನೀಲಿ ಪುಸ್ತಕದಲ್ಲಿ 'ಇರಾನ್ ಹೊರತು ಎಲ್ಲ ದೇಶಗಳಿಗೆ' ಎಂದು ಅಚ್ಚು ಹಾಕಿರುತ್ತಾರೆ. ಕೇಳಲು ಗಂಭೀರವಾಗಿದೆ. ಆದರೆ ಆ ಎಲ್ಲ ದೇಶಗಳಲ್ಲಿ ಅರ್ಧದಷ್ಟು ಅದನ್ನು ಕಂಡರೆ ಮೂಗು ಮುರಿದು ವೀಸಾ ಕೇಳುತ್ತವೆ. ಟರ್ಕಿಯೂ ಅದರಲ್ಲಿ ಒಂದು. ನಮ್ಮ ಹಳೆಯ ನೀಲಿ ಪುಸ್ತಕಗಳ ಅವಧಿ ಎಂದೋ ಮುಗಿದಿತ್ತು. ಎಲ್ಲಿಗೆ ಹೋಗುವವರು ನಾವು ಎಂದು ಸುಮ್ಮನಿದ್ದೆವು.

ಸುದ್ದಿ ತಿಳಿದದ್ದೇ ಕಿಯೂಮರ್ಸ್ ಸಲಹೆ ಕೊಡಲು ಹಾಜರಾದ. ಕರೆಯದೆ ಬರುವುದು ಅವನ ಪದ್ಧತಿ.

"ಖಾನುಂ, ಅಮ್ಮಾವ್ರೇ, ಯಾಕಿಷ್ಟು ತಲೆ ಕೆಡಿಸ್ಕೋತೀರಿ?" ಎಂದು ಸಕ್ಕರೆಯ ತುಂಡನ್ನು ಹೊಸ ಹಲ್ಲಿನಲ್ಲಿ ಕಚ್ಚಿ ಚಹಾ ಹೀರಿದ. "ಸ್ಟಾಕ್‌ಹೋಮಿಗೆ ಹೋಗಿ ನಮ್ಮ ರಾಯಭಾರ ಕಚೇರೀಲಿ ಕೆಂಪು ಪುಸ್ತಕ ಮಾಡಿಸ್ಕೊಳ್ಳಿ. ಎಲ್ಲರೂ ಮಾಡೋದೇ."

"ನಮ್ಮ ರಾಯಭಾರ ಕಚೇರಿ ಅಂತೀರಲ್ಲ, ಯಾವತ್ತಿಂದ ನಮ್ಮದಾಯ್ತು? ನಿಮ್ಮನ್ನ ನೇಣಿಗೆ ಹಾಕ್ತಿದ್ದೋರಲ್ವಾ ಅವರು?"

"ಅದು ಆಗ, ಆಶ್ರಯ ಸಿಗೋ ತನಕ. ಈಗ ಖಾಯಮ್ಮಾಗಿ ಇರೋಕೆ ಪರವಾನಗಿ ಇದೆ. ಯಾರ್ರೀ ಕೇಳ್ತಾರೆ?"

"ಯಾರ ಭಯಕ್ಕೆ ಓಡಿ ಬಂದೆ ಅಂದ್ರೋ ಅವರ ಪುಸ್ತಕಾನೇ ಜೇಬಲ್ಲಿಟ್ಕೊಂಡು ಮೆರೆದ್ರೆ, ನಿನಗೆ ಆಶ್ರಯ ಯಾಕಪ್ಪಾ ಅಂತ ಇವರು ಒಂದಿನ ಕೇಳೇ ಕೇಳ್ತಾರೆ."

"ಅಯ್ಯೋ, ಇವರಿಗೆ ಎರಡೂ ಕಣ್ಣು ಮುಚ್ಕೊಂಡಿರೋದೇ ಕೆಲಸ" ಎಂದು ನಕ್ಕ. ಇಸ್ಫಂದಿಯಾರ್ ಕೂಡ ನಕ್ಕ. ಮನೆಗೆ ಬಂದವರು ನಕ್ಕರೆ ತಾನೂ ನಗಬೇಕೆಂಬುದು ನನ್ನ ಗಂಡ ಕಲಿತ ಏಕೈಕ ವಿದ್ಯೆ.

ನನ್ನ ಗಂಡ ಕೆಟ್ಟವನಲ್ಲ, ಮರ್ಯಾದಸ್ಥ. ಅದೇ ಅವನ ರೋಗ. ನಮ್ಮವರಲ್ಲಿ ತಾರೋಫ್ ಎಂಬ ಬಾಯುಪಚಾರವಿದೆ. ಮನೆಯಲ್ಲಿ ಒಂದು ರೊಟ್ಟಿಯೂ ಇಲ್ಲದಾಗ ಬಾಗಿಲಲ್ಲಿ ನಿಂತವರನ್ನು ಊಟ ಮಾಡಿಕೊಂಡೇ ಹೋಗಬೇಕೆಂದು ತೋಳು ಹಿಡಿದು ಎಳೆಯುವುದು. ಅವರು ಬೇಡ ಬೇಡ ಎಂದು ಕೊಸರಿಕೊಂಡು ಓಡುವುದು. ಇಬ್ಬರಿಗೂ ಗೊತ್ತು ಊಟವಿಲ್ಲವೆಂದು. ಇಸ್ಫಂದಿಯಾರ್ ಇದರಲ್ಲಿ ಪಂಡಿತ. ಹಲ್ಲಿನ ವೈದ್ಯರು ಹಲ್ಲು ಕಿತ್ತರೂ 'ನಿಮ್ಮ ಕೈ ನೋಯದಿರಲಿ' ಎಂದು ರಕ್ತದ ಬಾಯಲ್ಲೇ ಹೇಳುತ್ತಾನೆ.

ನಾನು ನೀಲಿಯೇ ಸರಿ ಎಂದೆ. ಇಬ್ಬರೂ ವಲಸೆ ಕಚೇರಿಗೆ ಹೋದೆವು. ಕಿಟಕಿಯಲ್ಲಿದ್ದವಳು ಉಲ್ರಿಕಾ ಎಂಬ ತಣ್ಣಗಿನ ಹೆಂಗಸು. ಬೆರಳಚ್ಚು ತೆಗೆದುಕೊಂಡಳು, ಫೋಟೋ ತೆಗೆದಳು. ಕೆಲಸ ಮುಗಿದೇ ಹೋಗಿತ್ತು. ಯಂತ್ರ ನಿಧಾನವಾಗಿದ್ದರಿಂದ ಏನೋ ಮಾತಾಡಬೇಕಲ್ಲ ಎಂದು, ಹಮದಾನ್ ಅಂದರೆ ಬೆಟ್ಟದ ಊರಲ್ಲವೇ, ಚಿತ್ರದಲ್ಲಿ ನೋಡಿದ್ದೇನೆ, ಬಹಳ ಚೆಂದ ಎಂದಳು.

ಅಷ್ಟೇ ಸಾಕಾಯಿತು. ನನ್ನ ಗಂಡ ಎದೆಯ ಮೇಲೆ ಕೈಯಿಟ್ಟುಕೊಂಡ.

"ನಮ್ಮ ಹಮದಾನಿಗೆ ಒಮ್ಮೆ ಬನ್ನಿ! ನಾನೇ ಕರ್ಕೊಂಡು ಹೋಗ್ತೀನಿ. ಆಲ್ವಂದ್ ಬೆಟ್ಟದ ಕೆಳಗೇ ನಮ್ಮ ತೋಟ. ನಮ್ಮ ಮನೆ ನಿಮ್ಮ ಮನೆ. ಈ ಬೇಸಿಗೆಗೇ ಬಂದ್ಬಿಡಿ."

ಉಲ್ರಿಕಾಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಈ ದೇಶದಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಏಕವಚನವೇ.

"ನೀನು ಈ ಬೇಸಿಗೇಲಿ ಹಮದಾನಿಗೆ ಹೋಗ್ತಿದ್ದೀಯಾ?"

"ನಿಮಗೋಸ್ಕರ ಯಾಕೆ ಹೋಗಬಾರದು? ಹೋಗೋಣ!"

ನಾನು ಅವನ ಕಾಲು ತುಳಿದೆ. ಅವನಿಗೆ ಅದು ಬೇರೆಯೇ ರೀತಿ ಅರ್ಥವಾಯಿತು. "ನನ್ನ ಹೆಂಡತೀನೂ ಬರ್ತಾಳೆ" ಎಂದ.

ಉಲ್ರಿಕಾ ಕಟಕಟ ಬರೆದುಕೊಂಡಳು. ಆಶ್ರಯ ಪಡೆದವರು ಸ್ವದೇಶಕ್ಕೆ ಹೋಗುವ ಯೋಚನೆಯಲ್ಲಿರುವುದರಿಂದ ಎರಡೂ ಅರ್ಜಿಗಳನ್ನು ವಿಚಾರಣೆಯಾಗುವ ತನಕ ತೆಗೆದಿಡುತ್ತೇನೆ ಎಂದು, ಬಹಳ ಸಭ್ಯವಾಗಿ, ನಮ್ಮಿಬ್ಬರ ಮುಖ ನೋಡಿಕೊಂಡೇ ಹೇಳಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟ್ರಾಮ್ ನಿಲ್ದಾಣದಲ್ಲಿ ನಿಂತು ಅವನ ನೀರಿಳಿಸಿದೆ.

"ಯಾವ ತೋಟಕ್ಕೆ ಕರ್ಕೊಂಡು ಹೋಗ್ತೀಯೋ? ಸರ್ಕಾರ ಕಿತ್ಕೊಂಡಿದ್ದಕ್ಕಾ? ಅಲ್ಲೀಗ ಪೊಲೀಸ್ ಠಾಣೆ ಇದೆಯಂತೆ. ನಿನಗೂ ಉಲ್ರಿಕಾಗೂ ಒಂದೊಂದು ಕೋಣೆ ಕೊಡ್ತಾರೆ!"

"ಅವಳು ಊರು ಹೊಗಳಿದ್ಲು, ಮಾಹ್ರುಖ್. ಹೊಗಳಿದಾಗ ಬನ್ನಿ ಅನ್ನದೆ ಇರೋಕಾಗುತ್ತಾ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಒಂದಿಷ್ಟೂ ಕರುಣೆ ಬರಲಿಲ್ಲ.

ನವರೋಜ್ ಹತ್ತಿರವಾಗುತ್ತಿತ್ತು. ಕಚೇರಿಯಿಂದ ಸುದ್ದಿಯಿಲ್ಲ. ಫರಂಗೀಸ್ ದಿನಾ ಸಂದೇಶ ಕಳಿಸುತ್ತಿದ್ದಳು, ಬಸ್ಸಿನ ಚೀಟಿಯ ಚಿತ್ರ, ನನಗೆಂದು ಮಾಡುತ್ತಿದ್ದ ಕೊಮಾಜ್ ಸಿಹಿ ರೊಟ್ಟಿಯ ಚಿತ್ರ. ಕೊನೆಗೆ ನನ್ನ ಗಟ್ಟಿತನವೂ ಕರಗಿತು. ಹಾಳಾಗಿ ಹೋಗಲಿ, ಕೆಂಪು ಪುಸ್ತಕವನ್ನೇ ಮಾಡಿಸುತ್ತೇನೆ ಎಂದುಕೊಂಡು ಫೋಟೋ ತೆಗೆಸಲು ಹೊರಟೆ.

ಆ ಸ್ಟುಡಿಯೋ ನಮ್ಮವನೊಬ್ಬನದೇ. ಅಲ್ಲಿ ಗೋಡೆಯ ಮೊಳೆಯಲ್ಲಿ ಒಂದು ಕಪ್ಪು ತಲೆವಸ್ತ್ರ ನೇತಾಡುತ್ತಿರುತ್ತದೆ. ಕೆಂಪು ಪುಸ್ತಕಕ್ಕೆ ಹೆಂಗಸರು ತಲೆ ಮುಚ್ಚಿದ ಫೋಟೋವನ್ನೇ ಕೊಡಬೇಕಲ್ಲ. ಇಲ್ಲಿ ತಲೆವಸ್ತ್ರ ಇಟ್ಟುಕೊಂಡವರು ಯಾರು? ಹಾಗಾಗಿ ಎಲ್ಲರ ತಲೆಗೂ ಅದೊಂದೇ. ಎಷ್ಟು ಜನರ ಎಣ್ಣೆ, ಎಷ್ಟು ಜನರ ಅತ್ತರು ಅದರಲ್ಲಿ! ಅದನ್ನೇ ಹೊದ್ದು, ಫೋಟೋ ತೆಗೆಸಿಕೊಂಡು, ಮತ್ತೆ ಮೊಳೆಗೆ ಹಾಕಿ, ಕೂದಲು ಕೆದರಿಕೊಂಡು ಸ್ವಾತಂತ್ರ್ಯದ ಮೆರವಣಿಗೆಗೆ ಹೋಗುವ ವೀರನಾರಿಯರನ್ನು ನಾನು ಬಲ್ಲೆ. ಅವತ್ತು ಅವರ ಸಾಲಿನಲ್ಲಿ ನಾನೂ ನಿಂತೆ. ತಲೆಗೆ ಹಾಕಿಕೊಂಡೆ, ಗಲ್ಲದ ಕೆಳಗೆ ಗಂಟು ಕಟ್ಟಿದೆ, ಕುರ್ಚಿಯಲ್ಲಿ ಕೂತೆ.

ಕ್ಯಾಮೆರಾದ ಹಿಂದಿನಿಂದ ಅವನು, "ಸ್ವಲ್ಪ ಮುಂದಕ್ಕೆ ಎಳ್ಕೊಳ್ಳಿ ಖಾನುಂ, ಕೂದಲು ಕಾಣ್ತಿದೆ" ಎಂದ.

ಪಾಪ, ಅವನದೇನೂ ತಪ್ಪಿಲ್ಲ. ಆದರೆ ಜೈಲಿನ ಕಾವಲುಗಾರ್ತಿ ದಿನಾ ಬೆಳಗ್ಗೆ ಇದೇ ಮಾತು ಹೇಳುತ್ತಿದ್ದಳು. ಸಿಟ್ಟಿಗೋ ಭಯಕ್ಕೋ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ವಸ್ತ್ರ ಕಿತ್ತು ಅವನ ಮೇಜಿನ ಮೇಲೆಸೆದು ಹೊರಗೆ ಬಂದೆ. ತಂಗಿಯನ್ನು ನೋಡುವ ಆಸೆ ಎಷ್ಟೇ ಇರಲಿ, ಆ ಮುಖದ ಫೋಟೋ ಹಿಡಿದು ನಾನು ಯಾವ ಗಡಿಯಲ್ಲೂ ನಿಲ್ಲಲಾರೆ ಎಂದು ಆಗ ಖಚಿತವಾಯಿತು.

ಮರುದಿನ ಒಬ್ಬಳೇ ಉಲ್ರಿಕಾಳ ಮುಂದೆ ಹೋಗಿ ಕೂತೆ.

"ನಿನ್ನ ಗಂಡ ನನ್ನನ್ನ ಹಮದಾನಿಗೆ ಕರೆದಿದ್ದು ನಿಜ ತಾನೇ?" ಎಂದಳು.

"ನಿಜ."

"ಆದರೆ ಕರ್ಕೊಂಡು ಹೋಗಲ್ಲ."

"ಹೋಗಲ್ಲ. ಹೋದ್ರೆ ತಿರುಗಿ ಬರಲ್ಲ."

"ಹಾಗಾದ್ರೆ ಸುಳ್ಳು ಹೇಳಿದ."

"ಸುಳ್ಳಲ್ಲಮ್ಮಾ, ಮರ್ಯಾದೆ."

"ನಾನು ಹೂಂ, ಬರ್ತೀನಿ ಅಂದಿದ್ರೆ?"

"ನೀನು ಹಾಗನ್ನಬಾರದು. ಬೇಡ ಬೇಡ ಅಂತ ಕೊಸರಬೇಕು. ಅದು ನಿನ್ನ ಪಾಲಿನ ಮರ್ಯಾದೆ."

ಕೋಣನ ಮುಂದೆ ಕಿನ್ನರಿ ಬಾರಿಸುತ್ತಿದ್ದೇನೆ ಎಂದುಕೊಂಡೆ. ಅವಳು ಪೆನ್ನು ಕೆಳಗಿಟ್ಟಳು.

"ನಮ್ಮ ಬೀದಿಯಲ್ಲಿ ನಿಮ್ಮ ಕಡೆಯವನದೇ ಒಂದು ಹಣ್ಣಿನ ಅಂಗಡಿ ಇದೆ. ದಾಳಿಂಬೆಗೆ ಎಷ್ಟು ಅಂತ ಕೇಳಿದೆ. ನಿಮಗೆ ಅದೆಲ್ಲ ಲೆಕ್ಕವೇ ಅಲ್ಲ, ತಗೊಳ್ಳಿ ಅಂದ. ನಾನು ಸಂತೋಷ ಅಂತ ತಗೊಂಡು ಹೊರಟೆ. ಆಮೇಲೆ ದುಡ್ಡು ದುಡ್ಡು ಅಂತ ರಸ್ತೆ ತುಂಬ ನನ್ನ ಹಿಂದೆ ಓಡಿ ಬಂದ."

"ಅದೇ ಇದು!" ಎಂದೆ.

"ಅವನಿಗೆ ತಲೆ ಸರಿ ಇಲ್ಲ ಅಂದ್ಕೊಂಡಿದ್ದೆ" ಎಂದು ಆ ಹೆಂಗಸು ಮೊದಲ ಸಲ ನಕ್ಕಳು. ನಮ್ಮ ಅರ್ಜಿಗಳನ್ನು ಮತ್ತೆ ಸಾಲಿಗೆ ಸೇರಿಸಿದಳು. ಒಂದು ದಾಳಿಂಬೆಯ ದಯೆಯಿಂದ ನಾವು ಪುನಃ ನಿರಾಶ್ರಿತರಾದೆವು.

ನೀಲಿ ಪುಸ್ತಕಗಳು ಬಂದವು. ಟರ್ಕಿಯ ವೀಸಾ ಬರಲಿಲ್ಲ. ಅವರ ರಾಯಭಾರ ಕಚೇರಿಯ ಗುಮಾಸ್ತ ನನ್ನ ನೀಲಿ ಪುಸ್ತಕವನ್ನು ಹಳಸಿದ ಮೀನಿನಂತೆ ಎರಡು ಬೆರಳಲ್ಲಿ ಎತ್ತಿ, ಕಾಯಬೇಕು ಎಂದ. ಕೆಂಪು ಇಲ್ಲವೇ, ಕೆಂಪಾದರೆ ಇವತ್ತೇ ಹೋಗಬಹುದಿತ್ತಲ್ಲ ಎಂದ. ಕಾದೆ. ಫರಂಗೀಸಳಿಗೆ ಹೇಳಿದೆ. "ಬರುತ್ತೆ ಬಿಡೇ, ನಿನ್ನ ಹಾಗೆ ಅದೂ ಸೋಮಾರಿ" ಎಂದು ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಿದಳು. ಗಂಡನ ಸಹಿಯನ್ನು ಮುಂದೂಡಲು ಬರುವುದಿಲ್ಲ. ರಜೆಯುದ್ದಕ್ಕೂ ಅವಳು ವಾನ್‌ನಲ್ಲಿದ್ದಳು, ನಾನು ಇಲ್ಲಿದ್ದೆ. ಕಿಯೂಮರ್ಸ್ ಟೆಹರಾನಿನಲ್ಲಿದ್ದ, ಹೆಂಡತಿಯ ಹಲ್ಲು ಕಟ್ಟಿಸಲು.

ಅವಳು ಊರಿಗೆ ಮರಳಿದ ಮೇಲೆ ಮಾತಾಡಿದೆವು. ವಾನ್ ಚೆನ್ನಾಗಿತ್ತಂತೆ. ಸರೋವರ ನೀಲಿಯಾಗಿತ್ತಂತೆ. ಎರಡು ಹಾಸಿಗೆಯ ಕೋಣೆ ಹಿಡಿದಿದ್ದಳಂತೆ, ಮಕ್ಕಳಿಗೊಂದು, ನಮ್ಮಿಬ್ಬರಿಗೊಂದು. ಎಲ್ಲವನ್ನೂ ಪತ್ರಿಕೆ ಓದಿದಂತೆ ಹೇಳಿದಳು.

ನಮ್ಮಿಬ್ಬರಲ್ಲಿ ಎಂದೂ ಬಾಯುಪಚಾರವಿಲ್ಲ. ಹಾಗಾಗಿ ನಿಜ ಹೇಳಿದೆ. "ಫರಂಗೀಸ್, ಕೆಂಪು ಪುಸ್ತಕ ಮಾಡಿಸ್ಕೊಂಡಿದ್ರೆ ಬರಬಹುದಿತ್ತು ಕಣೇ. ನನ್ನ ಕೈಲಿ ಆಗಲಿಲ್ಲ. ಬೈಯಿ ನನ್ನ. ಬಾಯಿಗೆ ಬಂದ ಹಾಗೆ ಬೈದುಬಿಡು."

"ಅಯ್ಯೋ, ಬೈಯೋದೇನು ಬಂತು" ಎಂದಳು. "ನೀವು ಅಷ್ಟೆಲ್ಲ ತೊಂದರೆ ಯಾಕೆ ತಗೋಬೇಕಿತ್ತು? ನಿಮ್ಮ ಜಾಗ ಖಾಲಿ ಇತ್ತು, ಅಷ್ಟೇ."

ಊಟಕ್ಕೆ ಬಾರದ ನೆರೆಯವರಿಗೆ, ಮದುವೆ ತಪ್ಪಿಸಿಕೊಂಡ ದೂರದ ನೆಂಟರಿಗೆ ನಮ್ಮವರು ಹೇಳುವ ಮಾತದು. ಎಲ್ಲರಿಗೂ ಹೇಳುತ್ತಾರೆ. ಕಿಯೂಮರ್ಸನಿಗೂ ಹೇಳುತ್ತಾರೆ.

"ನೀನು ಅನ್ನೇ" ಎಂದೆ. "ಫರಂಗೀಸ್, ನನ್ನನ್ನ ನೀನು ಅನ್ನು."

"ಎಲ್ಲಾದ್ರೂ ಉಂಟಾ? ನೀವು ದೊಡ್ಡವರು" ಎಂದು, ಇಸ್ಫಂದಿಯಾರ್ ಆಗಾ ಸಾಹೇಬರಿಗೂ ನಮಸ್ಕಾರ ತಿಳಿಸಿ ಎಂದು ಹೇಳಿ ಫೋನಿಟ್ಟಳು.