ಕುದುರೆ ಬೆನ್ನಿನ ಮೀಸಲು ಹುಲ್ಲುಗಾವಲು

ಸೆಯಾಬಟಾನ ಕುದುರೆ ಪುಲಾಗೆ ಕಜ್ಜಿ ಹತ್ತಿದ್ದು ಮಗಳು ಲಿನೆಯೋ ಮದುವೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ. ಬೆನ್ನು, ಪಕ್ಕೆಯೆಲ್ಲ ಹಕ್ಕಳೆ. ಜೀನು ಇಟ್ಟರೆ ಒದೆಯುತ್ತಿತ್ತು. ಲೆಸೊಥೊದ ಬೆಟ್ಟಗಳಲ್ಲಿ ನಡೆದು ಬಂದ ಬೀಗನಿಗೆ ಅಷ್ಟಕ್ಕಷ್ಟೇ ಮರ್ಯಾದೆ. ಮೇಲಾಗಿ ಇವನು, "ಕುದುರೆ ಏರಿಯೇ ಬರ್ತೀನಿ" ಎಂದು ಬೀಗರ ಮುಂದೆ ಜಂಬ ಕೊಚ್ಚಿ ಬಂದಿದ್ದ. ನೂರು ಹೆಜ್ಜೆಗೆ ಏದುಸಿರು ಬಿಡುವ ಆಸಾಮಿಗೆ ಬೇಕಿತ್ತೇ ಈ ಬಾಯಿ?

ಊರಲ್ಲಿ ನಾಟಿಮದ್ದು ಕೊಡುವ ಮಾತುಮೆಲೊ ಅಜ್ಜಿ ಲೋಳೆಸರದ ರಸ ಹಿಡಿದು ಬಂದಳು. ಅವಳನ್ನು ಕಂಡರಾಗದ ಕುರಿಗಾಹಿ ತ್ಲಾಲಿ ಕುರಿಬಾಲದ ಕೊಬ್ಬಿಗೆ ಬೂದಿ ಕಲಸಿ ತಂದ. ಇಬ್ಬರೂ ಕುದುರೆಯ ಎರಡು ಕಡೆ ನಿಂತು ಬೈದಾಡತೊಡಗಿದಾಗ ಸೆಯಾಬಟಾ ಅದನ್ನು ಊರ ನಾಯಕನ ಅಂಗಳಕ್ಕೆ ಎಳೆದುಕೊಂಡು ಹೋದ.

ನಾಯಕನಿಗೆ ಗೊತ್ತಿದ್ದ ವಿದ್ಯೆ ಒಂದೇ, ಹೊಲ ಹಂಚುವುದು. ಕುದುರೆಯನ್ನೂ ಹಂಚಿದ.

"ಎಡಪಕ್ಕೆ ಅಜ್ಜಿದು, ಬಲಪಕ್ಕೆ ತ್ಲಾಲಿದು. ಬೆನ್ನು ಮೀಸಲು ಹುಲ್ಲುಗಾವಲು. ಅಲ್ಲಿ ಮದ್ದೂ ಇಲ್ಲ, ಜೀನೂ ಇಲ್ಲ. ನಾನು ತೆರೆಯೋವರೆಗೆ ಯಾರೂ ಮುಟ್ಟಂಗಿಲ್ಲ."

ವಾರದೊಳಗೆ ಗಡಿ ತಕರಾರು ಬಂತು.

"ಒಡೆಯಾ, ಇವನ ಕೊಬ್ಬು ಬಿಸಿಲಿಗೆ ಕರಗಿ ಹೊಟ್ಟೆ ಕೆಳಗಿಂದ ನನ್ನ ಹೊಲಕ್ಕೆ ನುಗ್ಗಿದೆ," ಎಂದಳು ಅಜ್ಜಿ.

"ನಿನ್ನ ಹೊಲದಲ್ಲಿ ಏನು ಬೆಳೆದಿದೆ ಅಂತ ಕಾಯ್ತೀಯಜ್ಜಿ? ಬರೀ ನೊಣ," ಎಂದ ತ್ಲಾಲಿ.

ನಾಯಕ ತಾನೇ ಹೊಟ್ಟೆಯಡಿ ತೂರಿ ಸುಣ್ಣದಲ್ಲಿ ಗೆರೆ ಎಳೆದ. ಹೊರಬರುವಷ್ಟರಲ್ಲಿ ಪುಲಾ ಅವನ ಹುಲ್ಲಿನ ಟೋಪಿಯನ್ನು ಅರ್ಧ ತಿಂದಿತ್ತು.

ಇತ್ತ ಸೆಯಾಬಟಾನ ಹೆಂಡತಿ ಮಾಲಿನೆಯೋ ಜೀನಿನಡಿಯ ಕಂಬಳಿಯನ್ನು ದೂರದಿಂದಲೇ ಮೂಸಿದಳು. "ಲಿನೆಯೋ ಅಪ್ಪಾ, ಇದನ್ನ ಒಗೆದು ಎಷ್ಟು ವರ್ಷ ಆಯ್ತು? ಕಜ್ಜಿ ಕುದುರೇದಲ್ಲ, ನಿಮ್ಮ ಸೋಮಾರಿತನದ್ದು." ಅದನ್ನು ಕುದಿಸಿ ಒಗೆದು ಬಂಡೆಯ ಮೇಲೆ ಹರವಿದಳು. ಹೆಂಡತಿಯ ಮಾತನ್ನು ಮದ್ದೆಂದು ಲೆಕ್ಕ ಹಿಡಿಯುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮದುವೆಯ ದಿನ ಬಂತು. ಎಡಪಕ್ಕೆ ಬಲಪಕ್ಕೆ ಎರಡೂ ಇದ್ದ ಹಾಗೇ ಇದ್ದವು. ಯಾರೂ ಮುಟ್ಟದ ಬೆನ್ನು ಮಾತ್ರ ಮಾಗಿ ಮಿರಮಿರ ಮಿಂಚುತ್ತಿತ್ತು. ಸೆಯಾಬಟಾನ ಕಣ್ಣಲ್ಲಿ ನೀರೇ ಬಂತು. ಜೀನು ಹೊತ್ತು, ಕುದುರೆ ಹಿಡಿದು ನಾಯಕನಲ್ಲಿಗೆ ಓಡಿದ.

"ಮೀಸಲು ತೆರೀರಿ ಒಡೆಯಾ. ಮಾನ ಉಳಿಸಿ."

ನಾಯಕ ಬೆನ್ನು ಸವರಿದ. "ಸೊಗಸಾಗಿ ಬೆಳೆದಿದೆ. ತೆರೆದೆ ಅಂತಿಟ್ಕೋ. ಮೀಸಲು ಹುಲ್ಲಿನ ಮೊದಲ ಕೊಯ್ಲು ಯಾರದು, ಸೆಯಾಬಟಾ?"

"ನಾಯಕರದು," ಎಂದ ಅವನು. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಉತ್ತರ, ನಾಲಿಗೆ ತಾನಾಗಿ ಹೇಳಿಬಿಟ್ಟಿತು.

ಸೆಯಾಬಟಾ ಜೀನು ಬಿಗಿದದ್ದೇ ತಡ, ನಾಯಕ ರಿಕಾಪಿಗೆ ಕಾಲಿಟ್ಟು ಏರಿ ಕೂತ.

ಎರಡು ಬೆಟ್ಟ ಹತ್ತಿಳಿದು ಬೀಗರ ಊರು ಮುಟ್ಟಿದಾಗ ಮಧ್ಯಾಹ್ನ. ಹೆಂಗಸರು ಹರ್ಷದ ಕೂಗೆಬ್ಬಿಸಿ ನಾಯಕನನ್ನು ಇಳಿಸಿಕೊಂಡು ಒಳಗೆ ಕರೆದೊಯ್ದರು. ಲಗಾಮು ಹಿಡಿದು ತೇಕುತ್ತ ನಿಂತ ಸೆಯಾಬಟಾನನ್ನು, ಅವನನ್ನು ಹಿಂದೆ ಕಂಡಿರದ ಮದುಮಗನ ಮುದಿ ಅಜ್ಜಿ ಕನಿಕರದಿಂದ ನೋಡಿದಳು.

"ಕುದುರೆಗೆ ನೀರು ಅಲ್ಲಿದೆ ನೋಡಪ್ಪ. ಹೆಣ್ಣಿನ ಅಪ್ಪ ಇನ್ನೂ ಬಂದಿಲ್ವಂತೆ, ಅವನು ಬಂದ ಮೇಲೆ ನಿನಗೂ ಊಟ ಹಾಕಿಸ್ತೀನಿ."