ಗವುಸು ತೊಟ್ಟ ಲೇಸರ್

ಸೊಸೆ ಮರದ ಬಿಲ್ಲೆಗಳ ಮೇಲಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಒಂದೊಂದನ್ನೂ ಒರೆಸಿ, ಕೊರೆದ ಕ್ರಮದಲ್ಲೇ ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದಳು. ಮೀನು, ಬಾತುಕೋಳಿ, ಆಮೆ, ಮೊಲ. ಮೀನು ಕಪ್ಪಗೆ ಎದ್ದು ಕಾಣುತ್ತಿತ್ತು. ಬಾತುಕೋಳಿ ಸ್ವಲ್ಪ ಮಂಕು. ಮೊಲವನ್ನಂತೂ ಬೆಳಕಿಗೆ ಹಿಡಿದು ಹುಡುಕಬೇಕಿತ್ತು. ಕಂಡದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವಳಿಗೆ ಕಡಿಮೆ.

ಕೊರೆಯುವ ಯಂತ್ರವನ್ನು ಮನೆಯಲ್ಲೇ ಕಟ್ಟಿದವನು ಅವಳ ಗಂಡ. ಅವನಿಗೆ ಸೈಕಲ್ ರಿಪೇರಿ ಅಂಗಡಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಚ್ಚಿ ನೋಡುತ್ತಿದ್ದನಾದ್ದರಿಂದ ಬೀದಿಯವರು ಬಿಚ್ಚಣ್ಣ ಎಂದು ಹೆಸರಿಟ್ಟಿದ್ದರು. ಹಳೆಯ ಪ್ರಿಂಟರಿನ ಹಳಿ, ಮುಚ್ಚಳವಿರುವ ತಗಡಿನ ಪೆಟ್ಟಿಗೆ, ಒಳಗೊಂದು ಲೇಸರ್ ಡಯೋಡ್. ಡಯೋಡ್ ಅಂಗಿಯ ಗುಂಡಿಗಿಂತ ಚಿಕ್ಕದು. ಅದರಿಂದ ಹೊರಡುವ ನೀಲಿ ಬೆಳಕು ಮಾತ್ರ ಮರವನ್ನು ಸುಟ್ಟು ಗೆರೆ ಎಳೆಯುತ್ತದೆ.

ಚಿತ್ರ ಬರೆದು ಯಂತ್ರ ನಡೆಸುವವಳು ಸೊಸೆ. ಪಕ್ಕದ ಬೀದಿಯ ಶಿಶುವಿಹಾರಕ್ಕೆ ಬಿಲ್ಲೆಗಳನ್ನು ಒಪ್ಪಿಕೊಂಡಿದ್ದಳು. ಅದು ಅವಳ ಕೈಗೆ ಬಂದ ಮೊದಲ ಸ್ವಂತ ಕೆಲಸ. ಆದರೆ ಎರಡು ಡಯೋಡ್ ಆಗಲೇ ಸತ್ತಿದ್ದವು. "ಇದೂ ಹೋದ್ರೆ ಪೆಟ್ಟಿಗೆ ಗುಜರಿಗೆ" ಎಂದು ಗಂಡ ಹೇಳಿಯಾಗಿತ್ತು. ಗುಜರಿಗೆ ಹೋದರೆ ಅವಳು ಮತ್ತೆ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಗಿ ಮಡಚಬೇಕು.

"ಬೆಳಕು ಸೋತಿದೆ. ಕರೆಂಟು ಏರಿಸ್ತೀನಿ," ಗಂಡ ತಿರುಗುಗುಂಡಿಗೆ ಕೈ ಹಾಕಿದ.

"ಹೋದ ಸಲವೂ ಹಾಗೇ ಮಾಡಿದ್ರಿ," ಎಂದಳು ಸೊಸೆ, ನೆಲ ನೋಡುತ್ತಾ.

"ಅದು ಕಳಪೆ ಮಾಲು ಕಣೇ."

ಅಷ್ಟರಲ್ಲಿ ಎದುರು ಮನೆಯ ಅಕ್ಕ ಸ್ಪ್ಯಾನರ್ ವಾಪಸು ಕೊಡಲು ಬಂದಳು. ಅವಳು ಫ್ರಿಜ್ ರಿಪೇರಿಯವಳು. ಕಿಟಕಿಯ ಸಾಲು ನೋಡಿ ನಿಂತಳು.

"ಇದೇನ್ರೋ, ಮೊಲಕ್ಕೆ ರಕ್ತ ಕಡಿಮೆಯಾಗಿದೆಯಾ?"

"ಅಕ್ಕ, ಶುರುವಿಗೆ ಚೆನ್ನಾಗೇ ಬರತ್ತೆ," ಸೊಸೆ ಮೆಲ್ಲಗೆ ಹೇಳಿದಳು. "ಹೋಗ್ತಾ ಹೋಗ್ತಾ ಮಂಕಾಗತ್ತೆ. ಆರಿಸಿ, ಊಟ ಮಾಡ್ಕೊಂಡು ಬಂದು ಹಾಕಿದ್ರೆ ಮತ್ತೆ ಸರಿ ಹೋಗತ್ತೆ."

"ಹಾಗಾದ್ರೆ ಅದಕ್ಕೆ ಕಾಯಿಲೆ ಇಲ್ಲ, ಸೆಕೆ. ಪ್ಲಗ್ ಕೀಳು. ಆಮೇಲೆ ಮುಚ್ಚಳ ತೆಗಿ."

ಮುಚ್ಚಳ ತೆಗೆದರು. ಶಾಖ ಬಿಡಲೆಂದು ಇಟ್ಟಿದ್ದ ಅಲ್ಯೂಮಿನಿಯಂ ರೆಕ್ಕೆಗಳು ಹೂವಿನ ಅಂಚಿನ ಉಣ್ಣೆಯ ಗವುಸು ತೊಟ್ಟು ಕೂತಿದ್ದವು.

"ಇದಕ್ಯಾರು ಸ್ವೆಟರ್ ಹಾಕಿದ್ದು?"

"ನಾನೇ," ಒಳಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದಳು. ರೇಡಿಯೋ, ಮಿಕ್ಸಿ, ಟಿವಿ ರಿಮೋಟು, ಯಾವುದೂ ಆ ಮನೆಯಲ್ಲಿ ಬರಿಮೈಯಲ್ಲಿ ಇರಲಿಲ್ಲ; ಹಾಗಾಗಿ ಇದೂ ಯಾರಿಗೂ ವಿಶೇಷವಾಗಿ ಕಂಡಿರಲಿಲ್ಲ. "ಧೂಳು ಕೂರಲ್ವಾ ಮತ್ತೆ?"

ಗಂಡ ತೊಡೆ ತಟ್ಟಿಕೊಂಡ. "ನೋಡಿದ್ಯಾ ಅಕ್ಕ! ಎರಡು ಡಯೋಡ್ ತಿಂದಿದ್ದು ಅಮ್ಮನ ಹೆಣಿಗೆ!"

"ಹೊತ್ತಿಕೊಳ್ಳಲಿಲ್ಲ ಅನ್ನೋದೇ ಪುಣ್ಯ," ಎಂದಳು ಅಕ್ಕ. "ನೀವು ಕೊಡೋ ಕರೆಂಟಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಹೋಗತ್ತೆ. ಆ ಬಿಸಿ ಹೊರಗೆ ಹೋಗೋಕೆ ದಾರಿ ಬೇಕು. ದಾರಿ ಕಟ್ಟಿದ್ರೆ ಬೆಳಕು ಇಳಿಯತ್ತೆ. ಆಗ ಕರೆಂಟು ಏರಿಸೋದು ಅಂದ್ರೆ ಜ್ವರ ಬಂದವನನ್ನ ಓಡಿಸಿದ ಹಾಗೆ. ಎಲ್ಲಿ, ಡಯೋಡ್ ಕೂತಿರೋ ಕೊಳವೆ ಈಚೆ ತೆಗಿ."

ತಣ್ಣಗಾದ ಮೇಲೆ ಗಂಡ ಹಿತ್ತಾಳೆಯ ಕೊಳವೆಯನ್ನು ರೆಕ್ಕೆಗಳ ಬುಡದ ಅಲ್ಯೂಮಿನಿಯಂ ಗಟ್ಟಿಯ ತೂತಿನಿಂದ ಎಳೆದ. ಮೊದಲು ಕಂಡದ್ದು ಸೊಸೆಗೆ. ಕೊಳವೆಯ ಸುತ್ತ ಕಪ್ಪು ಪ್ಲಾಸ್ಟಿಕ್ ಟೇಪು, ಸುತ್ತಿನ ಮೇಲೆ ಸುತ್ತು.

"ಇದು?"

ಗಂಡ ಕಿವಿ ಕೆರೆದುಕೊಂಡ. "ತೂತು ದೊಡ್ಡದಾಗಿತ್ತು. ಅಲ್ಲಾಡ್ತಿತ್ತು."

"ನಾನು ಹೊರಗೆ ಹೊದಿಸಿದೆ, ನೀನು ಒಳಗೇ ಹೊದಿಸಿದ್ದೀಯಲ್ಲೋ!" ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನನ್ನ ಮಗ ಅಲ್ವಾ."

ಅಕ್ಕ ಮನೆಗೆ ಹೋಗಿ ತೆಳು ತಾಮ್ರದ ಹಾಳೆ ತಂದಳು. ಟೇಪಿನ ಜಾಗದಲ್ಲಿ ತಾಮ್ರ ಬಂತು. ಸಂದಿಗಳಿಗೆ ಶಾಖ ದಾಟಿಸುವ ಪೇಸ್ಟು. "ಬ್ರೆಡ್ಡಿಗೆ ಬೆಣ್ಣೆ ಮೆತ್ತಿದ ಹಾಗೆ ಬೇಡ. ಕನ್ನಡಿ ಮೇಲೆ ಉಸಿರು ಬಿಟ್ಟಷ್ಟು ಸಾಕು." ಸ್ಕ್ರೂ ಬಿಗಿಯಾಯಿತು. ಲೋಹದ ಮೈಗೆ ಕರೆಂಟು ತಾಗುತ್ತಿಲ್ಲವೆಂದು ಮೀಟರಿನಲ್ಲಿ ನೋಡಿದರು. ರೆಕ್ಕೆಗಳಿಗೆ ಎದುರಾಗಿ ಪುಟ್ಟ ಫ್ಯಾನ್ ಕೂಡಿಸಿದರು. ಬಿಸಿ ಮಿತಿ ಮೀರಿದರೆ ತಾನೇ ಆರಿಸುವ ಸ್ವಿಚ್ಚನ್ನು ಅಲ್ಯೂಮಿನಿಯಂ ಗಟ್ಟಿಗೆ ಅಂಟಿಸಿದರು.

"ಫ್ಯಾನ್ ಸದ್ದು ಅಮ್ಮನಿಗೆ ಆಗಲ್ಲ," ಗಂಡ ಗೊಣಗಿದ.

"ನಿನ್ನ ಸೋಮಾರಿತನಕ್ಕೆ ನನ್ನ ಕಿವಿ ಎಳೀಬೇಡ," ಎಂದಳು ಅತ್ತೆ.

"ಕನ್ನಡಕ ಎಲ್ಲಿ?" ಅಕ್ಕ ಕೇಳಿದಳು.

ಗಂಡ ಬಿಸಿಲಿನ ಕಪ್ಪು ಕನ್ನಡಕ ತೋರಿಸಿದ.

"ಇದು ಫೋಟೋ ತೆಗೆಸಿಕೊಳ್ಳೋಕೆ. ಈ ಲೇಸರಿನ ಬಣ್ಣಕ್ಕೇ ಮಾಡಿದ್ದು ಬೇಕು. ಕೋಣೇಲಿ ಇರೋರಿಗೆಲ್ಲ ಬೇಕು. ಬರೋವರೆಗೂ ಸ್ವಿಚ್ ಮುಟ್ಟಬೇಡಿ. ಡಯೋಡ್ ಹೋದ್ರೆ ಇನ್ನೊಂದು ತರಬಹುದು, ಕಣ್ಣು ಹೋದ್ರೆ ತರೋಕಾಗಲ್ಲ." ಸೊಸೆ ತಲೆಯಾಡಿಸಿದಳು.

ಕನ್ನಡಕಗಳು ಬಂದವು. ಅವನ್ನಿಡಲು ಅತ್ತೆ ಗವುಸನ್ನು ಕತ್ತರಿಸಿ ಚೀಲ ಹೊಲಿದಳು. ಎಲ್ಲರೂ ಕನ್ನಡಕ ಹಾಕಿಕೊಂಡ ಮೇಲೆ ಪೆಟ್ಟಿಗೆ ಮುಚ್ಚಿ ಯಂತ್ರ ಹಾಕಿದರು. ಮೀನು, ಬಾತುಕೋಳಿ, ಆಮೆ. ಕೊನೆಗೆ ಮೊಲ. ಆರಿಸಿ, ಒರೆಸಿ ನೋಡಿದರೆ ಮೊಲದ ಮೀಸೆಯೂ ಕಪ್ಪಗಿತ್ತು. ಗಂಡ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಗುಜರಿಯ ಮಾತು ಎತ್ತಲಿಲ್ಲ.

ಮನೆಯಲ್ಲೇ ಲೇಸರ್ ಕಟ್ಟುವ ಅಣ್ಣಂದಿರೇ, ಅಕ್ಕಂದಿರೇ, ಗೆರೆ ಮಂಕಾದಾಗ ನಿಮ್ಮ ಕೈಯೂ ಕರೆಂಟು ಏರಿಸಲು ಹೋಗುತ್ತದೆ. ಏರಿಸಬೇಡಿ. ಮೊದಲು ಆರಿಸಿ, ತಣ್ಣಗಾಗಲು ಬಿಡಿ. ಡಯೋಡಿನಿಂದ ಗಾಳಿಯವರೆಗೆ ಬಿಸಿ ಸಾಗುವ ದಾರಿಯಲ್ಲಿ ಟೇಪು, ಬಟ್ಟೆ, ಸಂದಿ ಏನಿದೆ ನೋಡಿ. ನಡೆಯುತ್ತಿರುವ ಯಂತ್ರವನ್ನು ಬಿಟ್ಟು ಆಚೆ ಹೋಗಬೇಡಿ. ಕನ್ನಡಕವಿಲ್ಲದೆ ಹಾಕಲೇಬೇಡಿ.

ಮುಂದಿನ ಬಿಲ್ಲೆ ಪೆಟ್ಟಿಗೆಯೊಳಗೆ ಹೋಯಿತು. ಫ್ಯಾನ್ ತಿರುಗತೊಡಗಿತು.

"ಇನ್ನೊಂಚೂರು ಏರಿಸಿದ್ರೆ ಬೇಗ ಮುಗಿಯತ್ತೇನೋ," ಎಂದ ಗಂಡ. ಅವನ ಬೆರಳು ಆಗಲೇ ಗುಂಡಿಯ ಮೇಲಿತ್ತು.

ಸೊಸೆ ಈ ಸಲ ನೆಲ ನೋಡಲಿಲ್ಲ.

"ಕೈ ತೆಗೀರಿ," ಎಂದಳು.